ಕಾಲಿಲ್ಲದ ಕೆಂಪು ಕೋಟಿನವನು

ನಾರುಹುಣ್ಣು ಆದವನಿಗೆ ಊರು ಕೊಡುವ ಮೊದಲ ಔಷಧವೆಂದರೆ "ಸಮಾಧಾನದಿಂದ ಇರ್ರಿ" ಎಂಬ ಮಾತು. ಕೊಡುವವರಿಗೆ ಅದರಲ್ಲಿ ಖರ್ಚಿಲ್ಲ. ತೆಗೆದುಕೊಳ್ಳುವವನು ನನ್ನಂಥವನಾದರೆ ಗುಣವೂ ಇಲ್ಲ. ನಾನು ಹುಟ್ಟುವಾಗ ಅಡ್ಡ ತಿರುಗಿ ಅವ್ವನನ್ನು ಹೆದರಿಸಿದವನಂತೆ. ಅಲ್ಲಿಂದ ಮುಂದೆ ಹೆದರುವ ಕೆಲಸವನ್ನು ಅವಳಿಂದ ತೆಗೆದುಕೊಂಡು ನಾನೇ ನಡೆಸಿಕೊಂಡು ಬಂದಿದ್ದೇನೆ.

ಶಿಗ್ಗಾವಿಯ ಪೇಟೆಯಲ್ಲಿ ನನ್ನದೊಂದು ಅರಿವೆ ಅಂಗಡಿ. ಕೆಮ್ಮಿದರೆ ಕ್ಷಯ ಎಂದು, ಮೂಲೆಯಲ್ಲಿ ಇಲಿ ಸತ್ತರೆ ಪ್ಲೇಗು ಎಂದು, ಹೊಟ್ಟೆ ಗುಡುಗಿದರೆ ಕಾಲರಾ ಎಂದು ಎಣಿಸುತ್ತ ನಲವತ್ತು ದಾಟಿದ್ದೆ. ಚಿಂತಿಸದೆ ಬಿಟ್ಟಿದ್ದ ಬೇನೆ ಇದೊಂದೇ. ಮೆಟ್ಟಿಲು ಬಾವಿಯ ನೀರು ಕುಡಿಯುವವರಿಗೆಲ್ಲ ಎಂದಾದರೊಮ್ಮೆ ಆಗುವಂಥದ್ದು, ಅದಕ್ಕೂ ಹೆದರುತ್ತ ಕೂತರೆ ಮರ್ಯಾದೆ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಅದೇ ಬಂತು.

ಈಗ ಯಾವುದೋ ಮನೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿರುವವರು ಇದನ್ನು ಓದಬಹುದು. ಅವರಿಗೆ ಧೈರ್ಯ ಹೇಳುವ ಯೋಗ್ಯತೆ ನನಗಿಲ್ಲ. ನಿಮಗಿಂತ ಹೆಚ್ಚು ಹೆದರಿದವನೊಬ್ಬ ಈ ಕಡೆ ದಾಟಿ ಬಂದಿದ್ದಾನೆ ಎಂದಷ್ಟೇ ತಿಳಿಸಬಲ್ಲೆ.

ಬಲಗಾಲ ಮೊಳಕಾಲಿನ ಕೆಳಗೆ ಒಳಮಗ್ಗುಲಲ್ಲಿ ಒಂದು ಬೊಬ್ಬೆ ಎದ್ದಿತು. ಬೆಂಕಿ ಇಟ್ಟಂತೆ ಉರಿಯಿತು. ಒಡೆದ ಮೇಲೆ ಅದರೊಳಗಿಂದ ಬಿಳಿಯ ದಾರದಂಥ ಹುಳದ ತುದಿಯೊಂದು ಇಣುಕಿತು. ದಿನವೆಲ್ಲ ದಾರದ ನಡುವೆಯೇ ಬದುಕುವ ನನಗೆ ಅದರಷ್ಟು ಅಸಹ್ಯವಾದ ದಾರ ಇನ್ನೊಂದು ಕಂಡಿಲ್ಲ. ನನ್ನ ಹೆಂಡತಿ ನೀಲವ್ವ ಆ ತುದಿಯನ್ನು ಬೆಂಕಿಕಡ್ಡಿಯೊಂದಕ್ಕೆ ಸುತ್ತಿ, ಮೇಲೆ ಒದ್ದೆ ಅರಿವೆ ಕಟ್ಟಿದಳು. ದಿನಾ ಮುಂಜಾನೆ ತಣ್ಣೀರು ಸುರಿಯಬೇಕು, ಹುಳ ತಾನಾಗಿ ಎಷ್ಟು ಸಡಿಲಾಗುತ್ತದೋ ಅಷ್ಟೇ ಕಡ್ಡಿ ತಿರುಗಿಸಬೇಕು. ಒಂದು ದಿನ ಅರ್ಧ ಸುತ್ತು, ಒಂದು ದಿನ ಅದೂ ಇಲ್ಲ. ಅವಸರ ಮಾಡಿ ಎಳೆದರೆ ಹರಿಯುತ್ತದೆ. ಹರಿದರೆ ಒಳಗುಳಿದದ್ದು ಕೀವಾಗಿ ಕಾಲನ್ನೇ ತಿನ್ನುತ್ತದೆ. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಪ್ರತಿದಿನ ಹೊಸದಾಗಿ ಗೊತ್ತಾಗುತ್ತಿತ್ತು.

ಮಲಗಿದವನನ್ನು ಮಾತಾಡಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಒಂದೊಂದು ಮದ್ದು ಹಿಡಿದು ಬರುತ್ತಾರೆ. ಒಬ್ಬರು ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟು ಎಂದರು. ಇನ್ನೊಬ್ಬರು ಇಂಗನ್ನು ಬೆಲ್ಲದಲ್ಲಿ ಸುತ್ತಿ ನುಂಗು ಎಂದರು. ಯಾರನ್ನೂ ನಿರಾಸೆ ಮಾಡಲು ಮನಸ್ಸು ಬಾರದೆ ಎಲ್ಲವನ್ನೂ ಮಾಡಿದೆ. ನನ್ನ ಮಗ್ಗುಲಿಗೆ ಬಂದು ಕೂತವರು ಇಂಗಿನ ವಾಸನೆಗೆ ಬೇಗ ಏಳುತ್ತಿದ್ದದ್ದೊಂದೇ ಲಾಭ.

ನೀಲವ್ವನ ತಮ್ಮ ಮಲ್ಲಪ್ಪ ಅರಿವೆಯ ದಲಾಲಿ. ಮುಂಬಯಿಗೆ ಹೋಗಿ ಬರುವವನು. ಅವನು ಒಂದು ದಿನ ಕಟ್ಟಿಗೆಯ ಡಬ್ಬಿಯೊಂದನ್ನು ತಂದು ನನ್ನ ಹಾಸಿಗೆಯ ಮೇಲೆ ಬೋರಲು ಹಾಕಿದ. ತೆಳುವಾದ ಹಲಗೆಯ ಬಣ್ಣಬಣ್ಣದ ಚೂರುಗಳು ರಾಶಿಯಾಗಿ ಬಿದ್ದವು. ಊರಿಗೆ ಹೊರಟ ಬಿಳಿಯ ಸಾಹೇಬನೊಬ್ಬನ ಮನೆಯ ಹರಾಜಿನಲ್ಲಿ ಸಿಕ್ಕಿತಂತೆ.

"ಮಾವಾರ, ಇವನ್ನ ಒಂದಕ್ಕೊಂದು ಕೂಡಿಸಿದ್ರ ದೊಡ್ಡ ಚಿತ್ರ ಆಕ್ಕೇತಿ," ಎಂದ. "ಬರೇ ಜಂತಿ ಎಣಿಸ್ಕೋತ ಮಲಗಿದ್ರ ತಲಿ ಕೆಡತೈತಿ."

"ಎಂಥಾ ಚಿತ್ರನೋ?"

"ಅದು ಡಬ್ಬಿ ಮ್ಯಾಲೆ ಬರದಿಲ್ಲ. ಕೂಡಿಸಿದ ಮ್ಯಾಲೆ ನೀವ ಹೇಳ್ರಿ."

ಅವ್ವ ಒಂದು ಚೂರು ಎತ್ತಿ ತಿರುಗಿಸಿ ನೋಡಿದಳು. "ಚಲೋ ಇದ್ದ ಚಿತ್ರ ಒಡದು ಮತ್ತ ಕೂಡಸೂದೇನು? ಬಿಳಿ ಮಂದಿಗೆ ಬ್ಯಾರೆ ಉದ್ಯೋಗ ಇಲ್ಲೇನ?"

ನನಗೂ ಹಾಗೆಯೇ ಅನಿಸಿತು. ಆದರೆ ನನಗೂ ಬೇರೆ ಉದ್ಯೋಗ ಇರಲಿಲ್ಲ.

ಕೂಡಿಸಲು ಸಪಾಟಾದ ಜಾಗ ಬೇಕು. ಅಂಗಡಿಯ ಬಾಗಿಲಿಗೆ ಒಂದರ ಪಕ್ಕ ಒಂದು ಜೋಡಿಸುವ ಹಲಗೆಗಳಲ್ಲಿ ಎರಡನ್ನು ತರಿಸಿ, ನನ್ನ ಹಾಸಿಗೆಯ ಮಗ್ಗುಲಿಗೆ ಎರಡು ಮಣೆಗಳ ಮೇಲೆ ಇಟ್ಟರು. ಅಂದಿನಿಂದ ನಮ್ಮ ಅಂಗಡಿ ಮುಚ್ಚಿದಾಗ ನಡುವೆ ಎರಡು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಆ ಸಂದಿಗೆ ಗೋಣಿತಟ್ಟು ಕಟ್ಟುವ ಜವಾಬ್ದಾರಿ ಹುಸೇನಸಾಬರದು. ಅವರು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ, ಸವಣೂರಿನವರು. ನಾನು ಮಲಗಿದ ಮೇಲೆ ವ್ಯಾಪಾರವನ್ನೂ ಅವರೇ ನೋಡುತ್ತಿದ್ದರು. ಸಂಜೆ ಬೀಗದ ಕೈ ಕೊಡಲು ಬಂದವರು ಚೂರುಗಳ ಮುಂದೆ ಕೂತುಬಿಡುತ್ತಿದ್ದರು.

ಮೊದಲ ಎರಡು ದಿನ ನನಗೆ ಸಿಟ್ಟು ಬಿಟ್ಟು ಬೇರೇನೂ ಬರಲಿಲ್ಲ. ಆಮೇಲೆ ಇದನ್ನು ಸೀರೆಯಂತೆ ನೋಡಬೇಕೆಂದು ಹೊಳೆಯಿತು. ಸೀರೆಗೆ ಅಂಚು, ಸೆರಗು, ಒಡಲು ಎಂದಿರುತ್ತದೆ. ಒಂದು ಮಗ್ಗುಲು ನೆಟ್ಟಗೆ ಇರುವ ಚೂರುಗಳನ್ನೆಲ್ಲ ಆರಿಸಿ ಮೊದಲು ಅಂಚು ಕೂಡಿಸಿದೆ. ಬಹಳ ಚಿತ್ತಾರ ಇದ್ದವನ್ನು ಸೆರಗು ಎಂದು ಬೇರೆ ತಟ್ಟೆಗೆ ಹಾಕಿದೆ. ಉಳಿದದ್ದು ಒಡಲು, ನಡುವಿನ ಒಂದಿಷ್ಟು ಕೆಂಪು, ಕಂದು ಬಿಟ್ಟರೆ ಎಲ್ಲಾ ಬಿಳಿಯದು. ಅದನ್ನು ಕೊನೆಗೆ ಇಟ್ಟೆ.

ಆ ಸೆರಗಿನ ದಿನಗಳನ್ನು ನೆನೆದರೆ ಈಗಲೂ ಬೆರಳು ತುರಿಸುತ್ತದೆ. ಉಗುರಿನಷ್ಟು ಜಾಗದಲ್ಲಿ ಆ ಚಿತ್ರಗಾರ ಒಂದು ಕಿಟಕಿ, ಕಿಟಕಿಯಲ್ಲಿ ಹಳದಿ ಬೆಳಕು, ಬೆಳಕಿನಲ್ಲಿ ಚಹದ ಕೆಟಲಿ ಹಿಡಿದ ಮುದುಕಿಯನ್ನು ಇಟ್ಟಿದ್ದ. ಮುದುಕಿಯ ಮೂಗು ಒಂದು ಚೂರಿನಲ್ಲಿ, ಕೆಟಲಿಯ ಮೂತಿ ಇನ್ನೊಂದರಲ್ಲಿ. ಇಡೀ ದಿನ ಹುಡುಕಿದ ಮೂಗು ಬೆಳಗಿನಿಂದ ನನ್ನ ಅಂಗೈ ಕೆಳಗೇ ಇರುತ್ತಿತ್ತು. ಚೂರುಗಳಿಗೆ ಹೆಸರಿಟ್ಟೆವು: ಎರಡೂ ಕೈ ಎತ್ತಿದ್ದು ಅಳಬುರುಕ, ಒಂದು ಮಗ್ಗುಲು ಉಬ್ಬಿದ್ದು ಬಸುರಿ, ಎಲ್ಲಿಯೂ ಕೂಡದೆ ಎಲ್ಲರ ಕೈಗೂ ಬರುವುದು ಮಲ್ಲಪ್ಪ. ಸರಿಯಾದದ್ದು ಸರಿಯಾದ ಜಾಗಕ್ಕೆ ಕೂತಾಗ 'ಟಕ್' ಎಂದು ಸಣ್ಣದೊಂದು ಸಪ್ಪಳ. ಆ ಸಪ್ಪಳದ ಹೊತ್ತಿಗೆ ನನಗೆ ಕಾಲೇ ಇರುತ್ತಿರಲಿಲ್ಲ, ಚಿಂತೆಯಂತೂ ಇಲ್ಲವೇ ಇಲ್ಲ. ಮರುಗಳಿಗೆ ಎರಡೂ ಬರುತ್ತಿದ್ದವು, ಆ ಮಾತು ಬೇರೆ.

ಹುಸೇನಸಾಬರಿಗೆ ಈ ಸಪ್ಪಳಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಕೈಗೆ ಸಿಕ್ಕ ಚೂರನ್ನು ಕಂಡ ಸಂದಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದರು.

"ಸ್ವಲ್ಪ ಒತ್ತಿದ್ರ ಕೂಡತೈತಿ ಬಿಡ್ರಿ ಸಾವ್ಕಾರ್ರ. ಗಿರಾಕಿಗೆ ಅಂಗಿ ನಾ ಹಿಂಗ ಕೂಡಸ್ತೇನಿ."

"ಅದಕ್ಕ ನಿಮ್ಮ ಅಂಗಿ ತೊಟ್ಟವ್ರು ಕೈ ಎತ್ತಿ ನಮಸ್ಕಾರ ಮಾಡಂಗಿಲ್ಲ," ಎಂದಳು ನೀಲವ್ವ ಒಳಗಿನಿಂದ.

ಬಿಳಿಯ ಒಡಲು ಏನೆಂಬುದನ್ನು ಮಾತ್ರ ಹುಸೇನಸಾಬರೂ ನಾನೂ ಒಂದೇ ಬಾಯಿಂದ ಹೇಳಿದೆವು. ಮನೆಗಳ ಮೇಲೆ ಬಿಳಿ, ಬೇಲಿಯ ಮೇಲೆ ಬಿಳಿ, ನೆಲವೆಲ್ಲ ಬಿಳಿ. ಇದು ಅಗಸರ ಊರು. ಕೋರಾ ಅರಿವೆ ತೊಳೆದು ಬಿಸಿಲಿಗೆ ಹಾಸಿದ್ದಾರೆ. ಅರಿವೆಯಲ್ಲೇ ಕೂದಲು ನರೆದ ಇಬ್ಬರಿಗೆ ಇನ್ನೇನು ತೋಚೀತು? ಹುಸೇನಸಾಬರು ಅದರಲ್ಲಿ ಎಷ್ಟು ಅಂಗಿ ಆದಾವೆಂದು ಲೆಕ್ಕ ಹಾಕಿದರು. ಇಷ್ಟು ಮಾಲು ಬಯಲಿಗೆ ಹಾಕಿ ಮಳೆ ಬಂದರೆ ಗತಿಯೇನೆಂದು ನಾನು ಆ ಊರಿನವರ ಪರವಾಗಿಯೂ ಚಿಂತಿಸಿದೆ.

ಹೀಗಿರುವಾಗ ಒಂದು ಮುಂಜಾನೆ ಹುಳ ಹರಿಯಿತು.

ನಾನು ಮುಟ್ಟಿರಲಿಲ್ಲ. ಇದನ್ನು ಈಗಲೂ ಯಾರೂ ನಂಬುವುದಿಲ್ಲ. ನೀಲವ್ವ ಕಡ್ಡಿಯನ್ನು ಹಗುರಾಗಿ ಹಿಡಿದಿದ್ದಳು, ನಾನು ಸೀನಿದೆ. ಅಷ್ಟೇ. ಕಡ್ಡಿ ಅವಳ ಕೈಯಲ್ಲಿ ಉಳಿಯಿತು. ಅವಳು ಕಡ್ಡಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸೀನು ತಡೆಯಲಾಗದ ಗಂಡನನ್ನು ಕಟ್ಟಿಕೊಂಡದ್ದಕ್ಕೆ ಅವಳು ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯೊಳಗೆ ಮೊಳಕಾಲು ಕುಂಬಳಕಾಯಿಯಾಯಿತು. ಜ್ವರ ಬಂತು. ಮರುದಿನ ಚಕ್ಕಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿ, ಹುಸೇನಸಾಬರು ಹೇಳಿದ ಡಾಕ್ಟರರೊಬ್ಬರ ಕಡೆಗೆ ಸವಣೂರಿಗೆ ಒಯ್ದರು. ದಾರಿಯ ಒಂದೊಂದು ಕಲ್ಲೂ ನನ್ನ ಮೊಳಕಾಲಿಗೆ ತನ್ನ ಹೆಸರು ಹೇಳಿಕೊಂಡಿತು.

ಡಾಕ್ಟರರ ಮನೆಯ ಮುಂದೆ ಬೇವಿನ ಗಿಡ, ಅದರ ಸುತ್ತ ಕಟ್ಟೆ. ಸರದಿ ಬರುವವರೆಗೆ ಅಲ್ಲಿ ಕಾಯಬೇಕು. ನನ್ನ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಮುದುಕನೊಬ್ಬ ನನ್ನ ಕಾಲನ್ನು ದನದ ಸಂತೆಯಲ್ಲಿ ನೋಡುವಂತೆ ಹಿಂದೆ ಮುಂದೆ ನೋಡಿ, ತನ್ನ ತಮ್ಮನ ಕಥೆ ತೆಗೆದ.

"ಅವಂದೂ ಹಿಂಗ ಹರದಿತ್ತರಿ. ಹುಬ್ಬಳ್ಳಿಗೆ ಒಯ್ದ್ರು. ಮೊಳಕಾಲ ಮ್ಯಾಲೆ ಕೊಯ್ದ್ರು. ಕಟಗೀ ಕಾಲು ಕೊಟ್ಟಾರ. ಭಾಳ ಚಲೋ ಅದಾನ ಈಗ. ಬೇಲಿ ಗೂಟಾನೂ ಅದರಾಗ ಬಡೀತಾನ."

ಅವನು ಧೈರ್ಯ ಹೇಳುತ್ತಿದ್ದ. ಅದು ನನಗೆ ಗೊತ್ತಾಗುತ್ತಿತ್ತು. ಆದರೂ ಕಟ್ಟೆಯ ಆ ತುದಿಗೆ ಜರುಗಿಸು ಎಂದು ನೀಲವ್ವನಿಗೆ ಕಣ್ಸನ್ನೆ ಮಾಡಿದೆ.

ಡಾಕ್ಟರರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ನೀರನ್ನು ಒಂದು ಅರಿವೆಯಲ್ಲಿ ಸೋಸಿ ಕುಡಿದಿದ್ದರೆ ಇದು ಬರುತ್ತಿರಲಿಲ್ಲ ಎಂದರು. "ಏನು ಉದ್ಯೋಗ ನಿಮ್ದು?" ಎಂದು ಕೇಳಿದರು. ನಾನು ಹೇಳಲಿಲ್ಲ. ನೀಲವ್ವ ಹೇಳಿದಳು. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಥಾನುಗಟ್ಟಲೆ ಅರಿವೆ ಇಟ್ಟುಕೊಂಡವನಿಗೆ ನೀರಿನ ಕೊಡದ ಬಾಯಿಗೆ ಗೇಣುದ್ದ ಅರಿವೆ ಸಿಕ್ಕಿರಲಿಲ್ಲ.

ಆಮೇಲೆ ಅವರು ಒದ್ದೆಯಾದರೆ ಶಾಯಿಯಂತೆ ಬರೆಯುವ ಪೆನ್ಸಿಲನ್ನು ನೀರಲ್ಲಿ ಅದ್ದಿ ನನ್ನ ತೊಡೆಯ ಮೇಲೆ, ಬಾವು ಮುಗಿಯುವಲ್ಲಿಂದ ಸ್ವಲ್ಪ ಮೇಲಕ್ಕೆ, ನೇರಳೆ ಬಣ್ಣದ ಗೆರೆಯೊಂದನ್ನು ಸುತ್ತಲೂ ಎಳೆದರು.

"ಬಾವು ಇದರ ಕೆಳಗ ಇದ್ರ ಕೀವು ಹಣ್ಣಾಗೂತನಾ ಕಾಯೋಣು. ಹಣ್ಣಾದ ಮ್ಯಾಲೆ ಬರ್ರಿ, ನಾನ ತಗೀತೇನಿ. ಗೆರಿ ದಾಟಿದ್ರ ನನ್ನ ಕಡೆ ಬರಬ್ಯಾಡ್ರಿ, ಸೀದಾ ಹುಬ್ಬಳ್ಳಿಗೆ ಹೋಗ್ರಿ."

"ಅಲ್ಲೇನ ಮಾಡ್ತಾರ್ರಿ?" ಎಂದೆ.

ಅವರು ಕೈ ತೊಳೆದುಕೊಂಡು, ಒರೆಸಿಕೊಂಡು, "ಜೀವ ಉಳಸ್ತಾರ," ಎಂದರು.

ಮನೆಗೆ ಬಂದ ಮೇಲೆ ಆ ಗೆರೆಯೇ ನಮ್ಮ ಮನೆಯ ಗಡಿಯಾರವಾಯಿತು. ಅವ್ವ ಬೆರಳಿಟ್ಟು ನೋಡುತ್ತಿದ್ದಳು. ಹುಸೇನಸಾಬರು ಅಳತೆಯ ಪಟ್ಟಿ ತಂದು ನೋಡುತ್ತಿದ್ದರು. ಬಾವು ಏರುತ್ತಿತ್ತು, ಒಂದು ದಿನ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಬೆವರಿಗೆ ಗೆರೆ ಅಳಿಸುತ್ತ ಬಂದಾಗ ನೀಲವ್ವ ಅಂಗಡಿಯಿಂದ ಅಂಥದೇ ಪೆನ್ಸಿಲು ತಂದು ಮತ್ತೆ ತೀಡಿದಳು. ಮೊದಲಿದ್ದ ಜಾಗಕ್ಕೇ ತೀಡಿದಳೋ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುವ ಹೆಣ್ಣು ಅವಳು.

ಇನ್ನು ಮಾಡಲು ಏನೂ ಇರಲಿಲ್ಲ. ಸುತ್ತಲು ಕಡ್ಡಿಯೂ ಇರಲಿಲ್ಲ. ನಾನು ಒಡಲಿನ ಚೂರುಗಳಿಗೆ ಕೈ ಹಾಕಿದೆ.

ಚಿತ್ರದ ನಡುವೆ ಕೆಂಪು ಕೋಟು ತೊಟ್ಟ ಒಬ್ಬ ಗಂಡಸು ಏಳತೊಡಗಿದ. ಮೊದಲು ಟೊಪ್ಪಿಗೆ, ಕೆಂಪು ಮೂಗು, ಬಾಯಲ್ಲಿ ಚಿಲುಮೆ, ಕೋಟಿನ ಗುಂಡಿಗಳು. ಒಳ್ಳೆಯ ಮನುಷ್ಯ. ಜ್ವರದಲ್ಲಿ ಅವನ ಗುಂಡಿ ಹಾಕುತ್ತ ಅವನೊಡನೆ ಮಾತಾಡಿದ್ದೂ ಉಂಟು. ತೊಡೆ ಬಂತು. ಮೊಳಕಾಲು ಬಂತು. ಅದರ ಕೆಳಗೆ ಕೂಡಿಸಲು ಚೂರು ಹುಡುಕಿದರೆ ಕಾಲು ಇಲ್ಲ. ಬೂಟಿನ ಕರಿ ಬಣ್ಣದ ಚೂರು ಒಂದೂ ಇಲ್ಲ. ಉಳಿದದ್ದು ಬಿಳಿ, ಒಂದಿಷ್ಟು ಕಂದು.

ನೀಲವ್ವ ಹಾಸಿಗೆ ಕೊಡವಿದಳು. ಕಸಬರಿಗೆ ತಂದು ಮೂಲೆ ಮೂಲೆ ಗುಡಿಸಿದಳು. ಹುಸೇನಸಾಬರು ಅಂಗಡಿಯ ಕಟ್ಟೆಯ ಮೇಲಿನ ಚಿಂದಿ ರಾಶಿಯನ್ನೆಲ್ಲ ಕೆದರಿ ಬಂದರು. ಕಾಲು ಸಿಗಲಿಲ್ಲ.

"ಕಟ್ಟಿ ಒಳಗಿಡೋ ತಮ್ಮಾ ಅದನ್ನ," ಎಂದಳು ಅವ್ವ. ನನ್ನ ಮುಖ ನೋಡದೆ, ಹಲಗೆ ನೋಡುತ್ತ ಅಂದಳು. "ಕಾಲಿಲ್ಲದವನ್ನ ಮುಂದ ಇಟ್ಕೊಂಡು ಕುಂದರಬ್ಯಾಡ."

ನಾನು ಶಕುನ ನಂಬುವವನಲ್ಲ. ಹೆದರುತ್ತೇನೆ, ಅಷ್ಟೇ. ಕಟ್ಟಿಡು ಎನ್ನಲು ಬಾಯಿ ಬರಲಿಲ್ಲ. ಕಟ್ಟಿಟ್ಟರೆ ಆ ಮನುಷ್ಯ ಕಾಯಂ ಹಾಗೇ ಉಳಿದ ಹಾಗೆ. ಬಿಚ್ಚಿಟ್ಟರೆ ದಿನವಿಡೀ ನೋಡಬೇಕು. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನಲವತ್ತು ವರ್ಷ ಬಾರದ ಬೇನೆಗಳಿಗೆಲ್ಲ ಮುಂಗಡವಾಗಿ ಚಿಂತಿಸಿ ಕಲಿತದ್ದರಲ್ಲಿ ಒಂದೂ ಆ ದಿನ ಉಪಯೋಗಕ್ಕೆ ಬರಲಿಲ್ಲ. ನೀಲವ್ವ ಬಂದು ಗಂಜಿ ಇಟ್ಟಳು. ಆಮೇಲೆ ಅವಳು ಎದ್ದು ಹೋದ ಸಪ್ಪಳ ಕೇಳಲಿಲ್ಲ. 'ಟಕ್' ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ.

ಅವಳು ಕಂದು ಬಣ್ಣದ ಚೂರುಗಳನ್ನು ಕೂಡಿಸುತ್ತಿದ್ದಳು. ಕೆಂಪು ಕೋಟಿನವನ ಹಿಂದೆ ಒಂದು ಕುದುರೆ ಏಳುತ್ತಿತ್ತು. ಸಂಜೆಯ ಹೊತ್ತಿಗೆ ಹುಸೇನಸಾಬರು ಬೀಗದ ಕೈ ಹಿಡಿದು ಬಂದಾಗ ಕುದುರೆಯ ಹೊಟ್ಟೆಯವರೆಗೆ ಆಗಿತ್ತು. ಅವ್ವನೂ ಬಂದು ಬಗ್ಗಿ ನೋಡಿದಳು. ಕುದುರೆಗೂ ಮೊಳಕಾಲ ಕೆಳಗೆ ಕಾಲಿರಲಿಲ್ಲ. ಮುಂದಿನವೂ ಇಲ್ಲ, ಹಿಂದಿನವೂ ಇಲ್ಲ. ಕುದುರೆಯ ಪಕ್ಕದ ನಾಯಿಯಂತೂ ಹೊಟ್ಟೆಯ ಮೇಲೆ ಕೂತಂತಿತ್ತು.

ಹುಸೇನಸಾಬರು ಬೀಗದ ಕೈಯನ್ನು ಹಲಗೆಯ ಮೂಲೆಗೆ ಇಟ್ಟು ಕೂತರು. "ಸಾವ್ಕಾರ್ರ, ಈ ಊರಾಗ ಕುದರಿ ನಾಯಿ ಹಿಡದು ಎಲ್ಲಾರಿಗೂ ನಾರುಹುಣ್ಣ ಆಗೇತ್ರಿ."

ನಾನು ನಗಲಿಲ್ಲ. ನೀಲವ್ವನೂ ನಗಲಿಲ್ಲ. ಅವಳು ಒಂದು ಬೆರಳನ್ನು ಮನುಷ್ಯನ ಮೊಳಕಾಲಿನಿಂದ ಕುದುರೆಯ ಮೊಳಕಾಲಿಗೆ ನೆಟ್ಟಗೆ ಎಳೆದಳು.

"ಎಲ್ಲಾರದೂ ಒಂದ ಮಟ್ಟಕ್ಕ ನಿಂತಾವ್ರಿ," ಎಂದಳು. "ನಾ ತವರಿಗೆ ಹೋಗುವಾಗ ವರದಾ ಹೊಳಿ ದಾಟತೇವಲ್ಲ, ದಂಡಿ ಮ್ಯಾಲೆ ನಿಂತು ನೋಡಿದ್ರ ಹೊಳಿಯೊಳಗಿನ ಮಂದಿ ಹಿಂಗ ಕಾಣ್ತಾರ. ಕಾಲು ಹೋಗಿಲ್ಲರಿ. ಒಳಗ ಅದಾವ."

"ಅರಿವಿಯೊಳಗ ಹ್ಯಾಂಗ ಕಾಲು ಹುಗೀತಾವು?" ಎಂದೆ.

"ಅರಿವಿ ಅಂತ ಹೇಳಿದವ್ರು ಯಾರು? ನೀವಿಬ್ರ ಹೇಳಿದ್ರಿ. ಹಾಸಿದ ಅರಿವಿ ಮ್ಯಾಲೆ ಬೂಟು ಹಾಕ್ಕೊಂಡು, ಕುದರಿ ಹೊಡಕೊಂಡು ಯಾ ಮನಶಾ ಹೊಕ್ಕಾನ್ರಿ? ಅಗಸರು ಬಿಟ್ಟಾರೇನು?"

ಆಗ ನನಗೆ ಶಾಲೆಯ ಮುಲ್ಕಿ ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ಶಬ್ದ ನೆನಪಾಯಿತು. ಹಿಮ. ಗಿರಾಕಿಯೊಬ್ಬನೂ ಎಂದೂ ಕೇಳದ ಆ ಶಬ್ದ ಅಷ್ಟು ವರ್ಷ ತಲೆಯ ಯಾವ ಗೂಡಿನಲ್ಲಿತ್ತೋ. ಮನೆಯ ಮೇಲೆ ಹಿಮ, ಬೇಲಿಯ ಮೇಲೆ ಹಿಮ. ಕೆಂಪು ಕೋಟಿನವನು ಮೊಳಕಾಲಿನವರೆಗೆ ಹಿಮದಲ್ಲಿ ಹೂತು, ಹೂತ ಕುದುರೆಯನ್ನು ಹಿಡಿದು ನಿಂತಿದ್ದಾನೆ.

"ಹಂಗಂದ್ರ?" ಎಂದಳು ಅವ್ವ.

"ಮುಗಲಿನಿಂದ ಬೀಳೋ ಬರ್ಫ, ಅವ್ವಾ."

"ಹುಬ್ಬಳ್ಳ್ಯಾಗ ಕಟಗೀ ಹೊಟ್ಟಿನಾಗ ಮುಚ್ಚಿ ಮಾರ್ತಾರಲ್ಲ, ಅದ? ಇಷ್ಟು ಹರವಿಬಿಟ್ಟಾರಲ್ಲೋ. ಮಾರೂದು ಬಿಟ್ಟು."

ಆಗ ನಗು ಬಂತು. ಮೊದಲು ಹುಸೇನಸಾಬರಿಗೆ, ಆಮೇಲೆ ನೀಲವ್ವನಿಗೆ, ಕೊನೆಗೆ ನನಗೆ. ನಕ್ಕರೆ ಮೊಳಕಾಲು ಜಗ್ಗುತ್ತಿತ್ತು, ಅದಕ್ಕೆ ಅಳುತ್ತ ನಕ್ಕೆ. ನಮ್ಮ ಸಪ್ಪಳಕ್ಕೆ ನೆರೆಮನೆಯವರು ಕೆಟ್ಟ ಸುದ್ದಿಯೇ ಇರಬೇಕೆಂದು ಓಡಿ ಬಂದರು.

ಆ ನಗೆಯಿಂದ ನನ್ನ ಕಾಲು ಗುಣವಾಯಿತೆಂದು ಹೇಳಲು ಆಸೆಯಿದೆ. ಆಗಲಿಲ್ಲ. ಮರುದಿನ ಜ್ವರ ಇನ್ನೂ ಏರಿತು. ಆದರೆ ಆ ಮನುಷ್ಯನನ್ನು ನೋಡುವುದು ಮಾತ್ರ ಬದಲಾಯಿತು. ಅಷ್ಟು ದಿನ ಅವನು ಬಿಸಿಲಿಗೆ ಅರಿವೆ ಹಾಕಿದ ಸಾಹುಕಾರನಾಗಿದ್ದ. ಈಗ ನೋಡಿದರೆ ಪಾಪ, ಅವನೂ ಸಿಕ್ಕಿಬಿದ್ದವನು. ಎಳೆದರೆ ಕುದುರೆಯ ಕಾಲು ಮುರಿದೀತು. ಹಿಮ ತಾನಾಗಿ ಸಡಿಲುವವರೆಗೆ ನಿಂತೇ ಇರಬೇಕು. ಹಿಂದಿನ ಕಿಟಕಿಯಲ್ಲಿ ಮುದುಕಿ ಚಹಾ ಕಾಸಿಟ್ಟುಕೊಂಡು ಕಾಯುತ್ತಿದ್ದಾಳೆ. ಅವಳಿಗೂ ಬೇರೇನೂ ಮಾಡಲು ಬರುವುದಿಲ್ಲ.

ಬಾವು ಕೊನೆಗೆ ಬೆರಳಗಲದ ಅಂತರದಲ್ಲಿ ಗೆರೆಯ ಕೆಳಗೇ ನಿಂತು ಹಣ್ಣಾಯಿತು. ಮತ್ತೆ ಚಕ್ಕಡಿ, ಮತ್ತೆ ಬೇವಿನ ಗಿಡದ ಕಟ್ಟೆ. ಡಾಕ್ಟರರು ಕಾಲು ನೋಡಿದರು, ಗೆರೆ ನೋಡಿದರು, ಕನ್ನಡಕ ಮೇಲೆತ್ತಿ ನೀಲವ್ವನನ್ನು ನೋಡಿದರು.

"ಈ ಗೆರಿ ನಾನ ಹಾಕಿದ್ದ ಏನವಾ?"

"ನೀವ ಹಾಕಿದ್ದರಿ," ಎಂದಳು ಅವಳು. ಕಣ್ಣು ಕೂಡ ಮಿಟುಕಿಸಲಿಲ್ಲ.

ಅವರು ಚಾಕು ಕುದಿಸಲು ಹೇಳಿದರು. ಅವರು ಕೀವು ತೆಗೆದದ್ದು, ಉಳಿದ ಹುಳವನ್ನು ಚೂರು ಚೂರಾಗಿ ತೆಗೆದದ್ದು ನನಗೆ ಅರ್ಧಂಬರ್ಧ ನೆನಪು. ನೀಲವ್ವನ ಕೈಯನ್ನು ಕಚ್ಚಿದ್ದು ಪೂರಾ ನೆನಪಿದೆ.

ಕಾಲು ಉಳಿಯಿತು. ಮೊಳಕಾಲು ಮಡಚುವುದಿಲ್ಲ. ಅರಿವೆ ಅಂಗಡಿಯವನೆಂದರೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವನು. ನಾನು ಬಾಗಿಲಿಗೆ ಕುರ್ಚಿ ಹಾಕಿ, ಬಲಗಾಲನ್ನು ರಸ್ತೆಯ ಕಡೆ ಚಾಚಿ ಕೂರುತ್ತೇನೆ. ಎಡವದಂತೆ ದಾಟಿ ಬರುವುದನ್ನು ಗಿರಾಕಿಗಳು ಕಲಿತಿದ್ದಾರೆ. ಅರಿವೆಗೆ ರೇಷನ್ನು ಬಂದಿರುವ ಈ ದಿನಗಳಲ್ಲಿ ಒಳಗೆ ಬಂದರೂ ಅವರಿಗೆ ಸಿಗುವುದು ಅಷ್ಟರಲ್ಲೇ ಇದೆ. ಕೊಡದ ಬಾಯಿಗೆ ಕಟ್ಟಲೆಂದು ಕೇಳಿದವರಿಗೆ ಮಾತ್ರ ಒಂದು ಗೇಣು ಹೇಗಾದರೂ ಹರಿದು ಕೊಡುತ್ತೇನೆ. ಬಹಳ ಜನ ಕೇಳುವುದಿಲ್ಲ.

ಡಬ್ಬಿ ಈಗ ನಮ್ಮ ಮನೆಯಲ್ಲಿ ಇರುವುದೇ ಕಡಿಮೆ. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಕಾಲು ಚಾಚಿ ಮಲಗಿದ್ದಾರೆಂದು ಗೊತ್ತಾದರೆ ಅಲ್ಲಿಗೆ ಹೋಗುತ್ತದೆ. ಎಂಥ ಚಿತ್ರ ಎಂದು ಕೇಳಿದವರಿಗೆ ಮಲ್ಲಪ್ಪ ಹೇಳಿದ್ದನ್ನೇ ನಾನೂ ಹೇಳುತ್ತೇನೆ.

ಈಚೆಗೆ ಹಿರೇಬೆಂಡಿಗೇರಿಯ ಚನ್ನಬಸಪ್ಪ ಎಂಬ ರೈತರ ಮನೆಗೆ ಹೋಗಿತ್ತು. ಅವರ ಹುಳ ಇನ್ನೂ ಕಡ್ಡಿಯ ಮೇಲಿತ್ತು. ಮಾತಾಡಿಸಿ ಬರಲು ಹೋದರೆ ಮನೆಯವರೆಲ್ಲ ಹಾಸಿಗೆ ಕೊಡವುತ್ತಿದ್ದರು. ಚನ್ನಬಸಪ್ಪನವರು ಒಂದೇ ಕಡೆ ನೋಡುತ್ತ ಮಲಗಿದ್ದರು.

"ಸಾವ್ಕಾರ್ರ, ಬರ್ರಿ," ಎಂದರು. ದನಿ ಸಣ್ಣಗಾಗಿತ್ತು. "ಹತ್ತಿ ಒಣಗ ಹಾಕ್ಯಾರ ನೋಡ್ರಿ, ಊರ ತುಂಬ. ಅದರಾಗ ಈ ಕೆಂಪು ಅಂಗಿಯವಂದು ಕಾಲಿನ ಚೂರು ಸಿಗವಲ್ವು. ನಾವ ಕಳದೇವೇನೋ. ಇಲ್ಲಾ..." ಅವರು ತಮ್ಮ ಕಾಲಿನ ಕಡ್ಡಿಯ ಕಡೆ ನೋಡಿದರು.

ಹೇಳಿಬಿಡಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅದು ನಾನು ಕೊಟ್ಟ ಧೈರ್ಯವಾಗುತ್ತಿತ್ತು, ಎಕ್ಕೆಯ ಎಲೆಯ ಹಾಗೆ, ಇಂಗಿನ ಹಾಗೆ. ನಾನು ಅವರ ಹಲಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಮಡಚದ ಕಾಲನ್ನು ಅವರ ಕಾಲಿನ ಸರಿಸಮಕ್ಕೆ ಚಾಚಿ ಕೂತೆ. ತಟ್ಟೆಯಲ್ಲಿ ಬಿಳಿಯ ಚೂರುಗಳನ್ನು ಸರಿಸಿ, ಕಂದು ಬಣ್ಣದ್ದೊಂದನ್ನು ಹುಡುಕಿ ಅವರ ಅಂಗೈಯಲ್ಲಿಟ್ಟೆ.

"ಅವನ ಕಾಲು ಇರಲಿ ಬಿಡ್ರಿ," ಎಂದೆ. "ಮೊದಲ ಕುದರಿ ಕೂಡಸ್ರಿ."